ಗೂಡು ಕಾರಿನ ಮನೆಸುತ್ತು

ನಮ್ಮ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ಮೊದಲು ಟಿಕೆಟ್ ಕೇಳುವುದಿಲ್ಲ. ಮೆಟ್ಟಿಲ ಮೇಲೆ ನಿಂತು, "ಯಾರ್ಯಾರು ಮಾತು ಬಿಟ್ಟಿದೀರ್ರೀ? ಈಗ್ಲೇ ಆಡ್ಬಿಡಿ, ಟೈಮಾಯ್ತು" ಎಂದು ಕೂಗುತ್ತಾನೆ. ಮಾತು ಬಿಟ್ಟ ಇಬ್ಬರು ಒಂದೇ ಗಾಡಿಯಲ್ಲಿ ಕೂತರೆ ನಮ್ಮೂರಿನಲ್ಲಿ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಬಸ್ಸಾಗಲಿ, ಆಟೋ ಆಗಲಿ, ದಿಬ್ಬಣದ ವ್ಯಾನಾಗಲಿ, ಎಲ್ಲಕ್ಕೂ ಅದೇ. ಪ್ರೀತಿ ಇರಬೇಕೆಂದೇನೂ ಇಲ್ಲ. ಬೈದಾಡಿದರೂ ನಡೆಯುತ್ತದೆ. ಕಳ್ಳನೂ ಪೊಲೀಸೂ ಒಬ್ಬರಿಗೊಬ್ಬರು ಉಗಿಯುತ್ತಾ ಜೀಪಿನಲ್ಲಿ ಆರಾಮಾಗಿ ಸ್ಟೇಷನ್ನಿಗೆ ಹೋಗುತ್ತಾರೆ. ಹಿಂದಿನ ಸೀಟಿನಿಂದ ಯಾರೋ ಮುಖ ಊದಿಸಿಕೊಂಡು "ಊಟ ಆಯ್ತಾ?" ಎನ್ನುತ್ತಾರೆ, ಮುಂದಿನ ಸೀಟಿನಿಂದ ಇನ್ಯಾರೋ "ಹ್ಞೂಂ" ಎನ್ನುತ್ತಾರೆ, ಎಂಜಿನ್ ಗುರುಗುಟ್ಟುತ್ತದೆ. ಇಳಿದ ಮೇಲೆ ಮತ್ತೆ ಮಾತು ಬಿಡುವುದು ಅವರವರ ಇಷ್ಟ. ಆಸ್ತಿ ಕೇಸಿನ ಅಣ್ಣತಮ್ಮಂದಿರು ಕೋರ್ಟಿಗೆ ಬೇರೆ ಬೇರೆ ಆಟೋ ಮಾಡಿಕೊಂಡು ಹೋಗುವುದು ನಮ್ಮಲ್ಲಿ ಮಾಮೂಲು. ಯಾರ ಮನೆಯಲ್ಲಿ ಏನು ನಡೆದಿದೆ ಎಂದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಆಟೋದವರಿಗೇ.

ಇಂಥ ಊರಿನಲ್ಲಿ ಕಾರಿನ ಕಾರ್ಖಾನೆ ಯಾಕೆ ಹಾಕಿದರೋ ದೇವರೇ ಬಲ್ಲ. ಹಾಕಿದ್ದಂತೂ ಹಾಕಿದರು. ನಾನು ಸರ್ವಮಂಗಳಾ, ಆ ಕಾರ್ಖಾನೆಯಲ್ಲಿ ಹೊಸ ಮಾದರಿಗಳನ್ನು ರೂಪಿಸುವ ವಿಭಾಗದ ಮುಖ್ಯಸ್ಥೆ. ಮೇಲಿನವರಿಗೆ ಇದ್ದಕ್ಕಿದ್ದಂತೆ ಒಂದು ಯೋಚನೆ ಬಂತು: ನೋಡಲು ಸಣ್ಣದಾಗಿರಬೇಕು, ಕೂತರೆ ದೊಡ್ಡವರ ಮನೆಯ ಗಾಡಿಯ ಹಾಗಿರಬೇಕು, ಸಂಸಾರಕ್ಕೆ ಹೊಂದಬೇಕು. ಒಂದಲ್ಲ, ಮೂರು ಅಳತೆಯಲ್ಲಿ ಬರಬೇಕು. ಹೆಸರು 'ಗೂಡು'. ಚಿಕ್ಕ ಗೂಡು, ನಡುಗೂಡು, ಉದ್ದ ಗೂಡು. ನಮ್ಮ ಜನರಲ್ ಮ್ಯಾನೇಜರ್ ಫಣಿರಾಜ್ ಅವರು ವಾರಕ್ಕೊಮ್ಮೆ ಬಂದು, "ಮೇಡಂ, ಹೊರಗಡೆ ಇನ್ನೆರಡು ಬೆರಳು ಕಡಿಮೆ ಮಾಡಿ, ಒಳಗಡೆ ಇನ್ನೆರಡು ಬೆರಳು ಜಾಸ್ತಿ ಮಾಡಿ" ಎಂದು ಹೇಳಿ ಹೋಗುತ್ತಿದ್ದರು. ಅದು ಹೇಗೆ ಸಾಧ್ಯ ಸಾರ್ ಎಂದರೆ, "ಅದಕ್ಕೇ ಅಲ್ವಾ ನೀವಿರೋದು" ಎನ್ನುತ್ತಿದ್ದರು. ಈ ಮನುಷ್ಯನನ್ನೇ ಡಿಕ್ಕಿಯಲ್ಲಿ ಹಾಕಿ ಮುಚ್ಚಿಬಿಡೋಣ ಅನ್ನಿಸಿದ್ದುಂಟು.

ಆದರೆ ಮಾಡಿದೆ. ಹೇಗೆ ಮಾಡಿದೆನೆಂದರೆ, ನನ್ನ ಮನೆಯವರನ್ನೇ ಅಳತೆಗೆ ಇಟ್ಟುಕೊಂಡೆ. ಅತ್ತೆ ನೀಲಾಂಬಿಕಮ್ಮನವರಿಗೆ ಮಂಡಿ ನೋವು. ಬಗ್ಗಿ ಕೂರಲಾಗುವುದಿಲ್ಲ, ಹತ್ತಿ ಕೂರಲೂ ಆಗುವುದಿಲ್ಲ. ಅವರು ಮನೆಯ ದಿವಾನದ ಮೇಲೆ ಹೇಗೆ ಸಲೀಸಾಗಿ ಸರಿದು ಕೂರುತ್ತಾರೋ ಅದೇ ಎತ್ತರಕ್ಕೆ ಹಿಂದಿನ ಸೀಟು ಇಟ್ಟೆ. ಹೊಸ್ತಿಲಿನಲ್ಲಿ ಸೀರೆಯ ಅಂಚು ಸಿಕ್ಕಿಕೊಳ್ಳದ ಹಾಗೆ ಬಾಗಿಲಿನ ಕೆಳಗೆ ಉರುಟು ಮಾಡಿದೆ. ನನ್ನ ಗಂಡ ಪಂಚಾಕ್ಷರಿಯವರು ಹಾಲಿನ ಡೇರಿಯಲ್ಲಿ ಸೂಪರ್‌ವೈಸರ್. ತುಪ್ಪದ ಋಣ ಅವರ ಹೊಟ್ಟೆಯ ಮೇಲಿದೆ. ಡ್ರೈವರ್ ಪಕ್ಕದ ಸೀಟಿಗೂ ಡ್ಯಾಶ್‌ಬೋರ್ಡಿಗೂ ನಡುವಿನ ಜಾಗ ಅವರದ್ದು. ಪಿಯುಸಿ ಓದುವ ಮಗಳು ಇಂಚರ ಕೂತರೆ ಕಾಲು ಚಾಚಿಯೇ ಕೂರುವವಳು. ಮುಂದಿನ ಸೀಟಿನ ಬೆನ್ನನ್ನು ಒಳಕ್ಕೆ ತೆಗೆದದ್ದು ಅವಳಿಗಾಗಿ. ಒಂದು ಮೂಟೆ ಅಕ್ಕಿ, ಎರಡು ಸೂಟ್‌ಕೇಸು, ಒಂದು ಕುಕ್ಕರು ಹಿಡಿಯುವ ಡಿಕ್ಕಿ. ಬಾಗಿಲು ಹಾಕಿದರೆ ತಗಡಿನ ಸದ್ದು ಬರಬಾರದು, ಬೀರುವಿನ ಬಾಗಿಲು ಹಾಕಿದ ಹಾಗೆ ಮೆತ್ತಗೆ ಬರಬೇಕು. ಆ ಸದ್ದು ಬರಿಸಲು ನಾವು ಪಟ್ಟ ಪಾಡು ಸಾಕುಸಾಕಾಯಿತು. ನನ್ನ ಮನೆಯವರ ಮೈಯ ಅಳತೆ ನನ್ನಷ್ಟು ಗೊತ್ತಿದ್ದವರು ಯಾರೂ ಇರಲಿಲ್ಲ.

ಈ ಕೆಲಸ ನನಗೆ ಸಿಕ್ಕಾಗ ಇಂಚರ ತೊಟ್ಟಿಲಲ್ಲಿದ್ದಳು. ಅತ್ತೆಗೆ ಸುತರಾಂ ಇಷ್ಟವಿರಲಿಲ್ಲವಂತೆ. ನನ್ನ ಗಂಡನೇ ಜಗಳವಾಡಿ ಒಪ್ಪಿಸಿದರಂತೆ. ಹಾಗೆಂದು ಅವರೇ ನನಗೆ ಹೇಳಿದ್ದು. ಮೊದಲ ಸಂಬಳದಲ್ಲಿ ಅವರಿಗೊಂದು ಒಳ್ಳೆಯ ಶರ್ಟು ತಂದೆ. ಬಡ್ತಿ ಸಿಕ್ಕಾಗಲೆಲ್ಲ, "ನಿಮ್ಮಿಂದ ಕಣ್ರೀ" ಎನ್ನುತ್ತಿದ್ದೆ. ಅವರು "ಇರ್ಲಿ ಬಿಡೇ" ಎಂದು ಬೇರೆ ಕಡೆ ನೋಡುತ್ತಿದ್ದರು. ದೊಡ್ಡ ಮನಸ್ಸು ಎಂದುಕೊಂಡಿದ್ದೆ. ಅತ್ತೆಯ ಹತ್ತಿರ ನಾನು ಯಾವತ್ತೂ ಎದುರು ಮಾತಾಡಿದವಳಲ್ಲ, ಹೊತ್ತುಹೊತ್ತಿಗೆ ಮಾಡಿ ಹಾಕಿದ್ದೇನೆ, ಮಾತ್ರೆ ಕೊಟ್ಟಿದ್ದೇನೆ. ಆದರೆ ಮಡಿಲಲ್ಲಿ ತಲೆಯಿಟ್ಟು ಅಳಬೇಕು ಅನ್ನಿಸಿದಾಗ ಅವರ ಕೋಣೆಗೆ ಹೋದವಳೂ ಅಲ್ಲ.

ಇನ್ನು ಮನೆಸುತ್ತಿನ ವಿಷಯ. ನಮ್ಮ ಕಾರ್ಖಾನೆಯಲ್ಲಿ ಹೊಸ ಮಾದರಿ ರೂಪಿಸಿದವರ ಮನೆಮಂದಿಯೆಲ್ಲ ಅದರಲ್ಲಿ ಕೂತು, ಗೇಟಿನಿಂದ ಹೊರಟು, ಕೆರೆ ಸುತ್ತಿ ವಾಪಸ್ ಬರಬೇಕು. ಊರೆಲ್ಲ ನೋಡಲು ಬರುತ್ತದೆ. ಅದು ಆಗದಿದ್ದರೆ ಕಂಪನಿ ಆ ಮಾದರಿಯನ್ನು ಕೈಬಿಡುತ್ತದೆ, ಯಾಕೆಂದರೆ ಒಬ್ಬರೂ ಕೊಳ್ಳುವುದಿಲ್ಲ. "ಮಾಡಿದವರ ಮನೆಗೇ ಆಗದ್ದು ನಮ್ಮ ಮನೆಗಾಗುತ್ತಾ?" ಎನ್ನುತ್ತಾರೆ. ನನಗಿಂತ ಮೊದಲಿದ್ದ ಮುಖ್ಯಸ್ಥರು ಮಾಡಿದ ವ್ಯಾನು ಎಷ್ಟು ಚೆನ್ನಾಗಿತ್ತು! ಅವರೂ ಅವರ ತಮ್ಮನೂ ಗೇಟಿನಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತರು, ಒಬ್ಬರೂ ಬಾಯಿ ಬಿಡಲಿಲ್ಲ. ಆ ವ್ಯಾನು ಈಗ ಕ್ಯಾಂಟೀನಿನ ಹಿಂದೆ ನಿಂತಿದೆ, ಅದರಲ್ಲಿ ಕೋಳಿಗಳು ಮೊಟ್ಟೆಯಿಡುತ್ತವೆ. ಆ ಮುಖ್ಯಸ್ಥರು ಕೆಲಸ ಬಿಟ್ಟು ಹೋದರು.

ನನಗೆ ಆ ಭಯವಿರಲಿಲ್ಲ. ನಮ್ಮ ಮನೆಯಲ್ಲಿ ಮಾತಿಗೇನು ಬರ? ಬೆಳಿಗ್ಗೆ ಎದ್ದರೆ ಮಲಗುವವರೆಗೆ ಗದ್ದಲವೇ ಗದ್ದಲ. ಹಾಗಾಗಿ ಮನೆಸುತ್ತಿಗೆ ಇನ್ನೊಂದು ವಾರವಿದೆ ಎನ್ನುವಾಗ ನಡುಗೂಡನ್ನು ಮನೆಗೆ ತಂದೆ. ಬೂದು ಬಣ್ಣ, ಒಳಗೆ ಜೇನಿನ ಬಣ್ಣದ ಚರ್ಮದ ಸೀಟು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಪರವಾಗಿಲ್ವೇ ಮಂಗಳಾ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು. ಸೀಟಿನ ಮೇಲೆ ಸರಿದು ಕೂತರು, ಮಂಡಿ ಹಿಡಿದುಕೊಳ್ಳಲೇ ಇಲ್ಲ. ಇಂಚರ ಪಕ್ಕದಲ್ಲಿ ಕಾಲು ಚಾಚಿದಳು. ನನ್ನ ಗಂಡ ಮಾತ್ರ ಅಂಗಳದಲ್ಲೇ ನಿಂತು, "ನೀವು ಒಂದು ರೌಂಡ್ ಹೋಗಿ ಬನ್ನಿ, ನಾನು ಬೈಕಲ್ಲಿ ಹಿಂದೆ ಬರ್ತೀನಿ" ಎಂದರು. ಮದುವೆ ಮುಂಜಿ ಎಲ್ಲಿಗೆ ಹೋದರೂ ಅವರದ್ದು ಅದೇ ಮಾತು. ನಾವು ಆಟೋದಲ್ಲಿ, ಅವರು ಬೈಕಿನಲ್ಲಿ. "ಸಾಕು ಕೂತ್ಕೊಳ್ರೀ" ಎಂದು ಗದರಿಸಿ ಕೂರಿಸಿದೆ. ಕೀ ತಿರುಗಿಸಿದೆ. ಟಕ್ ಎಂದಿತು, ಸುಮ್ಮನಾಯಿತು.

ಮತ್ತೆ ತಿರುಗಿಸಿದೆ. ಟಕ್.

"ಸೆಲ್ಫ್ ತಗೊಳ್ತಿಲ್ಲ" ಎಂದೆ. ಕಾರ್ಖಾನೆಯಿಂದ ನಮ್ಮ ಟೆಸ್ಟ್ ಡ್ರೈವರ್ ಅಮೀರ್ ಜಾನ್‌ನನ್ನು ಕರೆಸಿದೆ. ಅವನು ಬರುವಷ್ಟರಲ್ಲಿ ಎಲ್ಲರೂ ಇಳಿದು ಒಳಗೆ ಹೋಗಿದ್ದರು. ಅವನು ಕೂತು ಕೀ ತಿರುಗಿಸಿದ, ಒಂದೇ ಏಟಿಗೆ ಸ್ಟಾರ್ಟ್. "ಏನಾಗಿದೆ ಮೇಡಂ ಇದಕ್ಕೆ? ಬೆಣ್ಣೆ ಇದ್ದಂಗಿದೆ" ಎಂದ. ಎಲ್ಲರನ್ನೂ ಮತ್ತೆ ಕರೆದು ಕೂರಿಸಿದೆ. ಟಕ್. ಬ್ಯಾಟರಿ ಬದಲಾಯಿಸಿದೆವು, ಸೆಲ್ಫ್ ಮೋಟರ್ ಬದಲಾಯಿಸಿದೆವು, ವೈರಿಂಗ್ ಪೂರ್ತಿ ಬಿಚ್ಚಿ ನೋಡಿದೆವು. ಖಾಲಿ ಇದ್ದರೆ ಓಡುತ್ತದೆ, ನಾವು ನಾಲ್ಕು ಜನ ಕೂತರೆ ಟಕ್. ಭಾರ ಹೆಚ್ಚಾಯಿತೇನೋ ಎಂದು ನಮ್ಮಷ್ಟೇ ತೂಕದ ಮರಳಿನ ಚೀಲ ಹಾಕಿ ನೋಡಿದೆ. ಜಿಂಕೆಯ ಹಾಗೆ ಓಡಿತು. ನನಗೆ ತಲೆ ಕೆಟ್ಟುಹೋಯಿತು.

ಅಮೀರ್ ಜಾನ್ ತಲೆ ಕೆರೆದುಕೊಳ್ಳುತ್ತಾ, "ಮೇಡಂ, ತಪ್ಪು ತಿಳ್ಕೋಬೇಡಿ. ಮನೇಲಿ ಯಾರಾದ್ರೂ..." ಎಂದ.

"ನಮ್ಮ ಮನೇಲಾ? ಒಂದಿನ ಬಂದು ಕೂತ್ಕೋ, ಕಿವಿ ತೂತು ಬೀಳುತ್ತೆ" ಎಂದೆ.

ಆದರೂ ತಲೆಗೆ ಹುಳ ಬಿಟ್ಟಂತಾಯಿತು. ಗಾಡಿಯಲ್ಲಿ ದೋಷ ಹುಡುಕುವಾಗ ನಾವು ಒಂದೊಂದೇ ಭಾಗ ಬೇರೆ ಮಾಡಿ ನೋಡುತ್ತೇವೆ. ಮನೆಯವರನ್ನೂ ಹಾಗೇ ಮಾಡಿದೆ. ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಲಿನ ಡೇರಿಯವರೆಗೆ ಹೋದೆ, ಕಾರು ಓಡಿತು. ಅತ್ತೆಯನ್ನು ಕೂರಿಸಿಕೊಂಡು ಮಂಡಿ ಡಾಕ್ಟರ ಹತ್ತಿರ ಹೋದೆ, ಓಡಿತು. ಇಂಚರಳನ್ನು ಕಾಲೇಜಿಗೆ ಬಿಟ್ಟೆ, ಓಡಿತು. ಮೂವರ ಜೊತೆಯೂ ನನಗೇನೂ ಇಲ್ಲ ಎಂದಾಯಿತು. ಅಪ್ಪ ಮಗಳಂತೂ ಟಿವಿ ರಿಮೋಟಿಗೆ ದಿನವೂ ಕಿತ್ತಾಡುತ್ತಾರೆ. ಅಜ್ಜಿ ಮೊಮ್ಮಗಳು ಒಂದೇ ಹೊದಿಕೆಯಲ್ಲಿ ಮಲಗುವವರು. ಅತ್ತೆಯನ್ನೂ ಗಂಡನನ್ನೂ ಜೊತೆಗೆ ಕೂರಿಸಿ ನೋಡುವುದು ನನಗೆ ಹೊಳೆಯಲೇ ಇಲ್ಲ. ಹೆತ್ತ ತಾಯಿ, ಒಬ್ಬನೇ ಮಗ. ಅದನ್ನು ಯಾರು ಪರೀಕ್ಷೆ ಮಾಡುತ್ತಾರೆ?

ಭಾನುವಾರ ಬೆಳಿಗ್ಗೆ ದೋಸೆ ಹಾಕುತ್ತಿದ್ದೆ. ತಲೆಯಲ್ಲಿ ವೈರುಗಳೇ ಓಡಾಡುತ್ತಿದ್ದವು. ಮೂವರೂ ಅಡುಗೆಮನೆಯ ಮೇಜಿನ ಸುತ್ತ ಕೂತಿದ್ದರು.

"ಮಂಗಳಾ, ಅವನಿಗೆ ಇನ್ನೊಂದು ಬೇಕಾ ಕೇಳು" ಎಂದರು ಅತ್ತೆ.

"ಸಾಕು ಅಂತ ಹೇಳು" ಎಂದರು ನನ್ನ ಗಂಡ, ಅವರ ಎದುರಿಗೇ ಕೂತು.

"ಸಾಕಂತೆ ಅತ್ತೆ" ಎಂದೆ. ಎಂದವಳೇ ದೋಸೆ ಮಗುಚುವ ಸಟ್ಟುಗ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

ಅತ್ತೆ ಮತ್ತೆ, "ಚಟ್ನಿ ಅವನ ಕಡೆ ಇದೆ, ಈ ಕಡೆ ಸರಿಸೋಕೆ ಹೇಳು" ಎಂದರು. ನಾನು ಹೇಳಲಿಲ್ಲ. ಬೇಕೆಂದೇ ಬಾಯಿ ಮುಚ್ಚಿಕೊಂಡೆ. ಚಟ್ನಿಯ ಬಟ್ಟಲು ನನ್ನ ಗಂಡನ ಮೊಣಕೈಗೆ ತಾಗಿಕೊಂಡೇ ಇತ್ತು. ಅವರು ಕೇಳಿಸಿಕೊಂಡಿದ್ದರು. ಆದರೂ ನನ್ನ ಮುಖ ನೋಡಿದರು, ನಾನು ಹೇಳಲಿ ಎಂದು. ಅತ್ತೆಯೂ ನನ್ನ ಮುಖ ನೋಡಿದರು. ಹಂಚಿನ ಮೇಲೆ ದೋಸೆ ಸೀದು ಹೊಗೆಯೆದ್ದಿತು. ಕೊನೆಗೆ ಇಂಚರ ಬಟ್ಟಲನ್ನು ಅಜ್ಜಿಯ ಕಡೆ ತಳ್ಳಿದಳು. ಇಷ್ಟು ವರ್ಷ ಮನೆ ತುಂಬ ಇದ್ದ ಗದ್ದಲವೆಲ್ಲ ನನ್ನದೇ ಬಾಯಿಯದ್ದು.

ಹಿತ್ತಲಿಗೆ ಇಂಚರಳನ್ನು ಎಳೆದುಕೊಂಡು ಹೋಗಿ ಕೇಳಿದೆ. "ಅಯ್ಯೋ ಅಮ್ಮಾ, ಈಗ ಗೊತ್ತಾಯ್ತಾ ನಿಂಗೆ? ನಾನು ಹುಟ್ಟಿದಾಗಿಂದ ಹೀಗೇ ಅಲ್ವಾ? ಮದುವೆ ಆದ್ಮೇಲೆ ಗಂಡಸರು ಅವರಮ್ಮನ ಹತ್ರ ಹೆಂಡ್ತಿ ಕೈಲೇ ಹೇಳಿಸ್ಬೇಕು ಅಂತ ನಾನಂದ್ಕೊಂಡಿದ್ದೆ. ನಮ್ಮ ಕಡೆ ಪದ್ಧತಿ ಏನೋ ಅಂತ."

ಗಂಡನನ್ನು ಕೇಳಿದೆ. "ಏನಿಲ್ಲ ಬಿಡೇ, ಒಂದೇ ಮನೇಲಿ ಇರೋರು ಏನಂತ ಮಾತಾಡ್ಬೇಕು?" ಎಂದರು. ಬಿಡಲಿಲ್ಲ ನಾನು. "ನನ್ನ ಇಷ್ಟು ವರ್ಷದ ಕೆಲಸ ಕಣ್ರೀ. ಅವತ್ತು ಒಂದೇ ಒಂದು ಮಾತು. ಊಟ ಆಯ್ತಾ ಅಂದ್ರೂ ಸಾಕು" ಎಂದೆ. ಅವರ ಮುಖ ಕಪ್ಪಿಟ್ಟಿತು. "ಮಾತಾಡ್ಬೇಡ ಅಂದಿದ್ದು ಅವರು. ಅವರೇ ಶುರು ಮಾಡ್ಲಿ" ಎಂದು ಬೈಕು ಹತ್ತಿ ಹೋದರು.

ಅತ್ತೆಯನ್ನು ಕೇಳಿದೆ. ಅವರು ಸೊಪ್ಪು ಬಿಡಿಸುತ್ತಿದ್ದರು, ಕೈ ನಿಲ್ಲಿಸಲಿಲ್ಲ. "ಅವನು ಮೊದ್ಲು ಆಡ್ಬೇಕಾಗಿರೋ ಮಾತು ಒಂದಿದೆ. ಅದು ನನ್ನ ಹತ್ರ ಅಲ್ಲ."

"ಮತ್ಯಾರ ಹತ್ರ ಅತ್ತೆ?"

"ಅವನಿಗೆ ಗೊತ್ತು."

ಇಷ್ಟೇ. ಆ ವಾರ ನಾನು ಪಟ್ಟ ಗೊಂದಲ ಯಾರಿಗೂ ಬೇಡ. ಯಾರಿಗೆ ಯಾರ ಮೇಲೆ ಏನು, ಒಂದೂ ತಿಳಿಯದು. ಮೈದುನನೋ ನಾದಿನಿಯೋ ಇದ್ದಿದ್ದರೆ ಆಸ್ತಿಯ ವಿಷಯ ಎಂದುಕೊಳ್ಳಬಹುದಿತ್ತು, ಅದೂ ಇಲ್ಲ. ಬೇರೆ ಹೆಂಗಸೇನಾದರೂ ಇದ್ದಾಳೆಯೇ ಎಂದು ಕೂಡ ಯೋಚಿಸಿದೆ, ಆ ಹೊಟ್ಟೆ ನೋಡಿ ನಕ್ಕುಬಿಟ್ಟೆ. ನಕ್ಕಿದ್ದಕ್ಕೆ ಅಳು ಬಂತು. ಫಣಿರಾಜ್ ಸರ್ ಬಂದು, "ಎಲ್ಲಾ ರೆಡಿ ತಾನೇ ಮೇಡಂ? ಮೂರು ಅಳತೆದೂ ತಗಡು ಆರ್ಡರ್ ಆಗಿದೆ. ಇದು ನಿಂತ್ರೆ ನಾವೂ ನೀವೂ ಕೋಳಿ ಸಾಕ್ಬೇಕಾಗುತ್ತೆ" ಎಂದು ನಕ್ಕರು. ನಾನೂ ನಕ್ಕೆ. ನನ್ನ ವಿಭಾಗದ ಹುಡುಗರು ಹುಡುಗಿಯರೆಲ್ಲ ನನ್ನನ್ನೇ ನೋಡುತ್ತಿದ್ದರು.

ಮನೆಸುತ್ತಿನ ದಿನ ಗೇಟಿಗೆ ಮಾವಿನ ತೋರಣ ಕಟ್ಟಿದ್ದರು, ವಾಲಗದವರು ಬಂದಿದ್ದರು. ಕಾರಿನ ಮುಂದೆ ಕಾಯಿ ಒಡೆದರು, ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಅತ್ತೆ ಹಸಿರು ಸೀರೆ ಉಟ್ಟು ಹಿಂದೆ ಕೂತರು, ಪಕ್ಕದಲ್ಲಿ ಇಂಚರ. ಮುಂದೆ ನನ್ನ ಪಕ್ಕ ನನ್ನ ಗಂಡ. ಬಾಗಿಲುಗಳು ಮೆತ್ತಗೆ ಮುಚ್ಚಿಕೊಂಡವು. ಆ ಸದ್ದಿಗೇ ಜನ ಚಪ್ಪಾಳೆ ತಟ್ಟಿದರು. ಕೀ ತಿರುಗಿಸಿದೆ.

ಟಕ್.

ವಾಲಗದವರು ಇನ್ನೂ ಊದುತ್ತಲೇ ಇದ್ದರು. ಮತ್ತೆ ತಿರುಗಿಸಿದೆ, ಹಿಡಿದೇ ಇದ್ದೆ. ವಾಲಗ ನಿಧಾನವಾಗಿ ನಿಂತಿತು. ಹೊರಗೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳತೊಡಗಿದರು. ನಮ್ಮೂರಿನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕೇ? ಫಣಿರಾಜ್ ಸರ್ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. ನನ್ನ ಗಂಡ ತಮ್ಮ ಅಂಗೈ ನೋಡಿಕೊಳ್ಳುತ್ತಾ ಕೂತಿದ್ದರು. ಅವರನ್ನು ಬೇಡಿಕೊಳ್ಳಬೇಕೋ, ಹೊಡೆಯಬೇಕೋ ತಿಳಿಯದೆ ನಾನು ಕನ್ನಡಿಯಲ್ಲಿ ಅತ್ತೆಯನ್ನು ನೋಡಿದೆ. ಅವರು ಕ್ಯಾಂಟೀನಿನ ಕಡೆ ನೋಡುತ್ತಿದ್ದರು. ಹಳೆಯ ವ್ಯಾನಿನ ಮೇಲೊಂದು ಹುಂಜ ನಿಂತಿತ್ತು.

"ಪಂಚಾಕ್ಷರಿ" ಎಂದರು ಅತ್ತೆ. "ಇವಳ ಕೆಲಸ ಇನ್ನೊಂದ್ಸಲ ನಿನ್ನಿಂದ ಹೋಗ್ಬೇಕೇನೋ?"

"ಅಮ್ಮಾ, ಈಗ ಬೇಡಮ್ಮ" ಎಂದರು ನನ್ನ ಗಂಡ.

ಎಂಜಿನ್ ಸ್ಟಾರ್ಟ್ ಆಯಿತು. ಹೊರಗೆ ಕೇಕೆ, ಶಿಳ್ಳೆ, ವಾಲಗ. ಗೇರ್ ಹಾಕಿದೆ, ನಿಂಬೆಹಣ್ಣು ಪಚಕ್ಕೆಂದಿತು, ಹೊರಟೆವು. ನನ್ನ ಕೈಕಾಲು ಅಭ್ಯಾಸದ ಮೇಲೆ ಕೆಲಸ ಮಾಡುತ್ತಿದ್ದವು, ತಲೆ ಎಲ್ಲಿತ್ತೋ.

"ಇನ್ನೊಂದ್ಸಲ ಅಂದ್ರೆ?" ಎಂದೆ.

ನನಗೆ ಉತ್ತರ ಕೊಡುವ ಪುರಸೊತ್ತು ಯಾರಿಗೂ ಇರಲಿಲ್ಲ. ಕಟ್ಟೆಯೊಡೆದಂತೆ ಇಬ್ಬರೂ ಶುರುವಾಗಿದ್ದರು. "ಮಗು ಚಿಕ್ಕದಿತ್ತಮ್ಮ, ಅದಕ್ಕೆ ಅಂದೆ" ಎಂದು ಇವರು. "ಮಗು ನೋಡ್ಕೊಳ್ಳೋಕೆ ನಾನಿರ್ಲಿಲ್ವೇನೋ? ಕೇಳಿದ್ಯಾ ನನ್ನ? ಅವಳನ್ನಾದ್ರೂ ಕೇಳಿದ್ಯಾ? ಕಾರ್ಖಾನೆ ಗೇಟಿಗೆ ಹೋಗಿ ನಮ್ಮನೆಯವಳು ಕೆಲಸಕ್ಕೆ ಬರಲ್ಲ ಅಂತ ಹೇಳ್ಬಂದೆ. ಬಿಸಿಲಲ್ಲಿ ನಡ್ಕೊಂಡು ಹೋಗಿ, ಬರ್ತಾಳೆ ಕಣ್ರಪ್ಪ, ಆ ಕೆಲಸ ಬೇರೆಯವರಿಗೆ ಕೊಡ್ಬೇಡಿ ಅಂತ ಕೈ ಮುಗಿದು ಬಂದೋಳು ನಾನು" ಎಂದು ಅವರು. "ಅವಳಿಗೆ ನಿಜ ಹೇಳು, ಅಲ್ಲೀವರ್ಗೂ ನನ್ನ ಮಾತಾಡಿಸ್ಬೇಡ ಅಂದೆ. ನೀನೇನು ಹೇಳ್ದೆ? ಅಮ್ಮನ್ನ ನಾನೇ ಒಪ್ಪಿಸ್ದೆ ಅಂತ ಹೇಳ್ದೆ! ಶರ್ಟು ಬೇರೆ ಹಾಕ್ಕೊಂಡೆ!"

ಕೆರೆ ಏರಿಯ ಮೇಲೆ ಜನ ಎರಡೂ ಬದಿಗೆ ನಿಂತು ಕೈ ಬೀಸುತ್ತಿದ್ದರು. ನಾನೂ ಬೀಸಿದೆ. ಇಂಚರ ಬಾಯಿ ತೆರೆದುಕೊಂಡು ಅಪ್ಪನನ್ನೂ ಅಜ್ಜಿಯನ್ನೂ ಸರದಿಯ ಮೇಲೆ ನೋಡುತ್ತಿದ್ದಳು. "ಅತ್ತೆ, ನೀವಾದ್ರೂ ಹೇಳ್ಬಾರ್ದಿತ್ತಾ ನಂಗೆ?" ಎಂದೆ. "ಅವನ ಬಾಯಿಂದ್ಲೇ ಬರ್ಲಿ ಅಂತಿದ್ದೆ ಕಣೇ" ಎಂದವರು ಮತ್ತೆ ಮಗನ ಕಡೆ ತಿರುಗಿ, ಸೋದರಮಾವ ಸತ್ತಾಗ ಅವನು ಯಾಕೆ ತಡವಾಗಿ ಬಂದ ಎಂದು ವಿಚಾರಣೆ ಶುರುಮಾಡಿದರು. ಗೇಟಿಗೆ ವಾಪಸ್ ಬಂದೆವು. ಹಾರ ಹಾಕಿದರು, ಪೇಡ ತಿನ್ನಿಸಿದರು. ಫಣಿರಾಜ್ ಸರ್ ಕಣ್ಣಲ್ಲಿ ನೀರಿತ್ತು. ಒರೆಸಿಕೊಂಡು, "ಸ್ಟಾರ್ಟಿಂಗು ಒಂಚೂರು ಲೇಟು, ಅದೊಂದು ನೋಡ್ಬಿಡಿ ಮೇಡಂ" ಎಂದರು.

ಆ ದಿನ ಮನೆಯಲ್ಲಿ ನನಗೆ ಕೆಲಸವೇ ಇರಲಿಲ್ಲ. "ಇನ್ನೊಂದು ಹೋಳಿಗೆ ಹಾಕ್ಲೇನೋ?" ಎಂದು ಅತ್ತೆ ನೇರವಾಗಿ ಕೇಳಿದರು. "ಹಾಕಮ್ಮ" ಎಂದು ಇವರು ನೇರವಾಗಿ ಹೇಳಿದರು. ತಾಯಿ ಮಗ ದಿವಾನದ ಮೇಲೆ ಕೂತು ಅಷ್ಟು ವರ್ಷದ ಬಾಕಿ ಮಾತನ್ನೆಲ್ಲ ಆಡಿದರು. ನನಗೆ ಸಂತೋಷವಾಗಬೇಕಿತ್ತು. ಗೂಡು ಗೆದ್ದಿತ್ತು, ಮನೆ ಸರಿಹೋಗಿತ್ತು. ಆದರೆ ಬೀರುವಿನಲ್ಲಿ ಮಡಚಿಟ್ಟಿದ್ದ ಆ ಹಳೇ ಶರ್ಟು ಕಣ್ಣಿಗೆ ಬಿತ್ತು. ಅದನ್ನು ಕೈಗೆ ತೆಗೆದುಕೊಂಡು, ನಗಲೋ ಹರಿಯಲೋ ಗೊತ್ತಾಗದೆ ಅಲ್ಲೇ ಇಟ್ಟೆ. ಅತ್ತೆಯ ಕೋಣೆಗೆ ಹೋಗಿ ಅವರ ಮಂಡಿಗೆ ಎಣ್ಣೆ ತಿಕ್ಕಿದೆ. ಕೇಳದಿದ್ದರೂ ತಿಕ್ಕಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು.

ಮಾರನೆಯ ಬೆಳಿಗ್ಗೆ ಕಾರು ಕಾರ್ಖಾನೆಗೆ ಒಪ್ಪಿಸಬೇಕಿತ್ತು. ನನ್ನ ಗಂಡ ಬೈಕಿನ ಕೀಯನ್ನು ಮೊಳೆಗೆ ನೇತುಹಾಕಿ, "ಇವತ್ತು ನಾನೂ ನಿನ್ ಜೊತೇನೇ ಬರ್ತೀನಿ, ಡೇರಿ ಹತ್ರ ಇಳಿಸ್ಬಿಡು" ಎಂದರು. ಬಂದು ಪಕ್ಕದಲ್ಲಿ ಕೂತರು. ಇಂಚರ ಕಾಲೇಜಿಗೆಂದು ಹಿಂದೆ ಕೂತಳು. ಕೀ ತಿರುಗಿಸಿದೆ.

ಟಕ್.

ನನಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಮತ್ತೆ ಸೆಲ್ಫ್ ಮೋಟರೇ? ಹಿಂದಿನಿಂದ ಇಂಚರ, "ಅಮ್ಮಾ, ನಿನ್ನೆ ಮಧ್ಯಾಹ್ನದಿಂದ ಯೋಚ್ನೆ ಮಾಡು" ಎಂದಳು. ಯೋಚನೆ ಮಾಡಿದೆ. ಅಪ್ಪನಿಗೆ ಊಟಕ್ಕೆ ಬರೋಕೆ ಹೇಳು ಎಂದು ಇವಳಿಗೆ ಹೇಳಿದ್ದೆ. ಅಪ್ಪನಿಗೆ ಗೇಟು ಹಾಕೋಕೆ ಹೇಳು. ಅಪ್ಪನಿಗೆ ತಿಂಡಿ ರೆಡಿ ಅಂತ ಹೇಳು. ನನಗೆ ಸಿಟ್ಟು ಬಂದಿದೆ ಎಂದೇ ನನಗೆ ಗೊತ್ತಿರಲಿಲ್ಲ.

"ಅಪ್ಪನಿಗೆ..." ಎಂದು ಮತ್ತೆ ಶುರುಮಾಡಿದೆ.

"ನನ್ ಕೈಲಾಗಲ್ಲಪ್ಪ" ಎಂದಳು ಇಂಚರ. ಬ್ಯಾಗು ಎತ್ತಿಕೊಂಡು ಇಳಿದು, ಬಾಗಿಲು ಹಾಕಿ ಬಸ್‌ಸ್ಟಾಪಿನ ಕಡೆ ನಡೆದೇಬಿಟ್ಟಳು. ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು. ನಾವಿಬ್ಬರೇ ಉಳಿದೆವು. ಒಂದು ಮಾತು ಸಾಕು, ಬೈದರೂ ನಡೆಯುತ್ತದೆ ಎಂದು ನನಗೆ ಗೊತ್ತಿತ್ತು. ಊಟ ಆಯ್ತಾ ಎಂದು ಕೇಳಿ ಹೊರಟುಬಿಡಬಹುದಿತ್ತು, ಊರೆಲ್ಲ ಅದನ್ನೇ ಮಾಡುತ್ತದೆ. ನನ್ನ ಗಂಡ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ನಾನೇ ಅಳೆದು ಕೊಟ್ಟ ಜಾಗದಲ್ಲಿ ಕುಗ್ಗಿ ಕೂತಿದ್ದರು. ನಾನು ಕೀ ತಿರುಗಿಸಿ ಹಿಡಿದುಕೊಂಡೇ ಅವರ ಕಡೆ ತಿರುಗಿದೆ.

"ಆವತ್ತು ಗೇಟಿಗೆ ಹೋಗಿ ಏನಂತ ಹೇಳಿದ್ರಿ? ಅದೇ ಮಾತಲ್ಲಿ ನಂಗೆ ಹೇಳಿ" ಎಂದೆ.

ಎಂಜಿನ್ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಅವರು ಬದುಕಿದೆಯಾ ಬಡಜೀವವೇ ಎಂಬಂತೆ ಉಸಿರುಬಿಟ್ಟು, "ಹೊರಡೋಣ ನಡಿ, ಟೈಮಾಯ್ತು" ಎಂದರು.

ನಾನು ಕೀ ತಿರುಗಿಸಿ ಆಫ್ ಮಾಡಿದೆ. ಕೀಯನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೂತೆ.